ಉತ್ತರಕ್ಕೆ ಕಾಯುವ ಉಪಕರಣ

ಕೇಳುಗರಿಗೆ ನಮಸ್ಕಾರ.

ಶಿಕ್ಷಕರು ಒಂದು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ? ವಿಜ್ಞಾನ ಬೋಧನೆಯ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಮೇರಿ ಬಡ್ ರೋ, ತರಗತಿಗಳ ಧ್ವನಿಮುದ್ರಣ ಕೇಳಿ ಕೇಳಿ ಇದನ್ನು ಅಳೆದರು. 1970ರ ದಶಕದಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಸರಾಸರಿ ಕಾಯುವ ಹೊತ್ತು ಹೆಚ್ಚುಕಡಿಮೆ 1 ಸೆಕೆಂಡು. ಅಷ್ಟರಲ್ಲಿ ಉತ್ತರ ಬರದಿದ್ದರೆ ಶಿಕ್ಷಕರೇ ಹೇಳಿಬಿಡುತ್ತಿದ್ದರು, ಇಲ್ಲವೇ ಇನ್ನೊಂದು ಮಗುವಿನ ಕಡೆ ತಿರುಗುತ್ತಿದ್ದರು. ಅದೇ ಶಿಕ್ಷಕರು 3 ಸೆಕೆಂಡು ಕಾಯುವುದನ್ನು ರೂಢಿಸಿಕೊಂಡಾಗ ಮಕ್ಕಳ ಉತ್ತರಗಳು ಉದ್ದವಾದವು. ಸುಮ್ಮನೆ ಕೂರುತ್ತಿದ್ದವರೂ ಬಾಯಿಬಿಟ್ಟರು.

ನಾನು ಶಿಕ್ಷಕ ತರಬೇತಿಯಲ್ಲಿರುವವಳು. ಇಷ್ಟರಲ್ಲೇ ನನ್ನದೇ ಒಂದು ತರಗತಿ ಸಿಗಲಿದೆ. ಸ್ಮಾರ್ಟ್ ಬೋರ್ಡು, ಟ್ಯಾಬ್ಲೆಟ್ಟು, ಚಾಟ್‌ಬಾಟು, ಇವುಗಳಲ್ಲಿ ಯಾವುದನ್ನು ಒಳಗೆ ಬಿಟ್ಟುಕೊಳ್ಳಲಿ ಎಂದು ಯೋಚಿಸುವಾಗಲೆಲ್ಲ ಈ 3 ಸೆಕೆಂಡು ನೆನಪಾಗುತ್ತದೆ. ಈ ಉಪಕರಣ ಮಗುವಿಗಾಗಿ ಕಾಯುತ್ತದೆಯೇ? ಅಥವಾ ತಾನೇ ಎಲ್ಲ ಹೇಳಿ ಮುಗಿಸುತ್ತದೆಯೇ? ನನಗೆ ಉಳಿದೆಲ್ಲ ಪ್ರಶ್ನೆಗಳಿಗಿಂತ ಇದು ದೊಡ್ಡದು.

ನೀವೀಗ ರೇಡಿಯೊ ಕೇಳುತ್ತಿದ್ದೀರಿ, ಆದ್ದರಿಂದ ರೇಡಿಯೊದ ಉದಾಹರಣೆಯನ್ನೇ ಕೊಡುತ್ತೇನೆ. 1970ರ ದಶಕದ ನಡುವಿನಲ್ಲಿ ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಲ್ಲಿನವರ ಜೊತೆ ಸೇರಿ ಪ್ರಾಥಮಿಕ ಶಾಲೆಗಳಿಗೆ ರೇಡಿಯೊ ಮೂಲಕ ಗಣಿತ ಕಲಿಸಿದರು. ರೇಡಿಯೊ ಎಂದರೆ ಒಮ್ಮುಖ ಮಾಧ್ಯಮ. ಅದು ಮಾತಾಡಬಲ್ಲದು, ಕೇಳಿಸಿಕೊಳ್ಳಲಾರದು. ಆದರೂ ಪಾಠ ಬರೆದವರು ಒಂದು ಜಾಣ ಕೆಲಸ ಮಾಡಿದರು. ಲೆಕ್ಕ ಕೇಳಿದ ಮೇಲೆ ಧ್ವನಿ ನಿಲ್ಲುತ್ತಿತ್ತು. ಆ ಮೌನದಲ್ಲಿ ಇಡೀ ತರಗತಿ ಉತ್ತರವನ್ನು ಕೂಗಿ ಹೇಳಬೇಕು, ಇಲ್ಲವೇ ಹಾಳೆಯ ಮೇಲೆ ಬರೆಯಬೇಕು. ಆಮೇಲೆ ರೇಡಿಯೊ ಸರಿ ಉತ್ತರ ಹೇಳುತ್ತಿತ್ತು, ಮಕ್ಕಳು ತಮ್ಮದನ್ನು ತಾವೇ ತಾಳೆ ನೋಡಿಕೊಳ್ಳುತ್ತಿದ್ದರು. ಒಂದೇ ಪಾಠದಲ್ಲಿ ಇದು ಮತ್ತೆ ಮತ್ತೆ ನಡೆಯುತ್ತಿತ್ತು. ಪ್ರಸಾರ ಮುಗಿದ ಮೇಲೆ ಉಳಿದ ಅವಧಿ ಶಿಕ್ಷಕರದು. ಪರೀಕ್ಷೆ ಮಾಡಿ ನೋಡಿದಾಗ ರೇಡಿಯೊ ಪಾಠದ ಮಕ್ಕಳು ಗಣಿತದಲ್ಲಿ ಉಳಿದವರಿಗಿಂತ ಸ್ಪಷ್ಟವಾಗಿ ಮುಂದಿದ್ದರು. ಈ ವಿಧಾನ ಮುಂದೆ ಹಲವು ದೇಶಗಳಿಗೆ ಹಬ್ಬಿತು.

ಇದರ ಪಕ್ಕದಲ್ಲಿ ಪೆರು ದೇಶವನ್ನು ಇಟ್ಟು ನೋಡಿ. ಪ್ರತಿ ಮಗುವಿಗೂ ಒಂದು ಲ್ಯಾಪ್‌ಟಾಪ್ ಎಂಬ ಯೋಜನೆಯಡಿ ಅಲ್ಲಿ ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ಹಂಚಿದರು. ಗ್ರಾಮೀಣ ಭಾಗದ 319 ಶಾಲೆಗಳಲ್ಲಿ ನಡೆದ ಅಧ್ಯಯನದ ವರದಿ 2012ರಲ್ಲಿ ಬಂತು. ಕಂಪ್ಯೂಟರ್ ಬಳಕೆ ಏರಿತ್ತು, ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಅಲ್ಪಸ್ವಲ್ಪ ಸುಧಾರಣೆಯೂ ಕಂಡಿತು. ಆದರೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ನಿಕರಾಗುವಾದ ರೇಡಿಯೊಗಿಂತ ಎಷ್ಟೋ ಪಟ್ಟು ಶಕ್ತಿಯ ಯಂತ್ರ ಅದು. ಆದರೆ ಅದನ್ನಿಟ್ಟುಕೊಂಡು ಯಾವ ಪಾಠ, ಹೇಗೆ ಮಾಡಬೇಕು, ಮಗು ಯಾವಾಗ ಏನು ಮಾಡಬೇಕು ಎಂದು ಯಾರೂ ಕೂತು ಯೋಚಿಸದಿದ್ದರೆ ಆ ಶಕ್ತಿ ಎಲ್ಲಿಗೆ ಹೋಗಬೇಕು?

ಹಾಗಾದರೆ ನಾನು ಏನು ಮಾಡಬೇಕೆಂದಿದ್ದೇನೆ? ಒಂದು ಪಾಠವನ್ನೇ ನಿಮ್ಮ ಮುಂದಿಡುತ್ತೇನೆ. ವಿದ್ಯುತ್ ಮಂಡಲ. ಬಲ್ಬು ವಿದ್ಯುತ್ತನ್ನು ತಿಂದುಬಿಡುತ್ತದೆ, ಬಲ್ಬು ದಾಟಿದ ಮೇಲೆ ತಂತಿಯಲ್ಲಿ ಹರಿಯುವ ವಿದ್ಯುತ್ ಕಡಿಮೆಯಾಗಿರುತ್ತದೆ ಎಂದು ಬಹಳ ಮಕ್ಕಳು ನಂಬಿರುತ್ತಾರೆ. ದೊಡ್ಡವರೂ ನಂಬಿರುತ್ತಾರೆ. ಹಾಗಲ್ಲ ಎಂದು ಹತ್ತು ಸಲ ಹೇಳಿದರೂ ಆ ನಂಬಿಕೆ ಅಲ್ಲಾಡುವುದಿಲ್ಲ. ಮೊದಲು ನಿಜವಾದ ಸೆಲ್ಲು, ತಂತಿ, ಬಲ್ಬು ಕೊಟ್ಟು ಬೆಳಗಿಸಲು ಬಿಡುತ್ತೇನೆ. ಆಮೇಲೆ ಪರದೆ. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಫೆಟ್ ಎಂಬ ಉಚಿತ ಜಾಲತಾಣದಲ್ಲಿ ಮಂಡಲ ಜೋಡಿಸುವ ಒಂದು ಆಟವಿದೆ. ಅಲ್ಲಿ ತಂತಿಯೊಳಗೆ ಎಲೆಕ್ಟ್ರಾನ್‌ಗಳು ನೀಲಿ ಚುಕ್ಕೆಗಳಾಗಿ ಸಾಗುವುದು ಕಾಣುತ್ತದೆ. ನಿಜವಾದ ತಂತಿಯಲ್ಲಿ ಇದನ್ನು ಯಾರೂ ತೋರಿಸಲಾರರು. ಅಲ್ಲಿ ಬಲ್ಬಿನ ಈಚೆಗೊಂದು, ಆಚೆಗೊಂದು ಅಮ್ಮೀಟರ್, ಅಂದರೆ ಹರಿಯುವ ವಿದ್ಯುತ್ತನ್ನು ಅಳೆಯುವ ಮಾಪಕ, ಜೋಡಿಸುತ್ತೇನೆ. ಆದರೆ ಸ್ವಿಚ್ ಒತ್ತುವುದಿಲ್ಲ. ಎರಡು ಅಮ್ಮೀಟರುಗಳು ಎಷ್ಟೆಷ್ಟು ತೋರಿಸಬಹುದು, ಯಾಕೆ? ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಲಿ, ಪಕ್ಕದವರ ಜೊತೆ ವಾದ ಮಾಡಲಿ. ಆಮೇಲೆ ಒಬ್ಬ ವಿದ್ಯಾರ್ಥಿನಿ ಬಂದು ಸ್ವಿಚ್ ಒತ್ತಲಿ.

ಎರಡೂ ಕಡೆ ಒಂದೇ ಸಂಖ್ಯೆ. ನೀಲಿ ಚುಕ್ಕೆಗಳೂ ಎರಡೂ ಕಡೆ ಒಂದೇ ವೇಗದಲ್ಲಿ ಹೋಗುತ್ತಿವೆ. ಆಗ ತರಗತಿಯಲ್ಲಿ ಏಳುವ ಗಲಾಟೆ ನನಗೆ ಬೇಕು. ಹಾಗಿದ್ದರೆ ಸೆಲ್ಲು ಖಾಲಿಯಾಗುವುದು ಯಾಕೆ, ಬೆಳಕು ಬಂದದ್ದು ಎಲ್ಲಿಂದ ಎಂದು ಮಕ್ಕಳೇ ಕೇಳಬೇಕು. ಅಲ್ಲಿಂದ ಶಕ್ತಿಯ ಪಾಠಕ್ಕೆ ದಾರಿ ತೆರೆಯುತ್ತದೆ. ಇದೇ ದೃಶ್ಯವನ್ನು ಹಿನ್ನೆಲೆ ಸಂಗೀತ ಸೇರಿಸಿ ವಿಡಿಯೊ ಮಾಡಿ ತೋರಿಸಿದರೆ ಎರಡೇ ನಿಮಿಷದಲ್ಲಿ ಮುಗಿಯುತ್ತದೆ. ಮಕ್ಕಳು ಚೆನ್ನಾಗಿತ್ತು ಎನ್ನುತ್ತಾರೆ. ಬಲ್ಬು ವಿದ್ಯುತ್ತನ್ನು ತಿನ್ನುತ್ತದೆ ಎಂಬ ನಂಬಿಕೆ ಮಾತ್ರ ಹಾಗೇ ಮನೆಗೆ ಹೋಗುತ್ತದೆ.

ಇನ್ನು ಚಾಟ್‌ಬಾಟ್. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಕಾಯುವುದಂತಿರಲಿ, ಪ್ರಶ್ನೆ ಬರೆದು ಮುಗಿಸುವಷ್ಟರಲ್ಲಿ ಉತ್ತರ ಕಣ್ಣೆದುರಿಗಿರುತ್ತದೆ. ಟರ್ಕಿಯ ಪ್ರೌಢಶಾಲೆಯ ಸುಮಾರು 1,000 ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಪ್ರಯೋಗ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಗಣಿತದ ಅಭ್ಯಾಸದ ವೇಳೆ ಮಾಮೂಲಿ ಚಾಟ್‌ಬಾಟ್ ಬಳಸಿದವರು ಹೆಚ್ಚು ಲೆಕ್ಕ ಸರಿ ಮಾಡಿದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಚಾಟ್‌ಬಾಟನ್ನೇ ಕಾಣದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಇನ್ನೊಂದು ಗುಂಪಿನ ಚಾಟ್‌ಬಾಟ್ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತಿತ್ತು. ಆ ಗುಂಪಿನಲ್ಲಿ ಈ ನಷ್ಟ ಬಹುಮಟ್ಟಿಗೆ ತಪ್ಪಿತು. ಲಾಭವೂ ಆಗಲಿಲ್ಲ ಎನ್ನುವುದನ್ನೂ ಹೇಳಬೇಕು. ಹಾಗಾಗಿ ಮಕ್ಕಳು ತಾವೇ ಒಂದು ಸಲ ಪ್ರಯತ್ನಿಸಿ, ಆ ಪ್ರಯತ್ನ ಹಾಳೆಯ ಮೇಲೆ ಮೂಡುವ ತನಕ ನನ್ನ ತರಗತಿಯಲ್ಲಿ ಚಾಟ್‌ಬಾಟ್ ತೆರೆಯುವುದಿಲ್ಲ.

ಒಂದು ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಕಣ್ಣು ಕಾಣದ ಮಗುವಿಗೆ ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಅದನ್ನು ಶುರು ಮಾಡಿದರು. ಸ್ವತಃ ಅವರಿಗೂ ಕಣ್ಣು ಕಾಣುವುದಿಲ್ಲ. ತಂತ್ರಾಂಶ ಉಚಿತ. ಕಿವಿ ಕೇಳದ ಮಗುವಿಗೆ ವಿಡಿಯೊದ ಕೆಳಗೆ ಬರುವ ಬರಹವೂ ಹೀಗೆಯೇ. ಇವು ಪಾಠಕ್ಕೆ ಅಲಂಕಾರ ಅಲ್ಲ, ಆ ಮಗು ತರಗತಿಯೊಳಗೆ ಬರಲು ಇರುವ ಬಾಗಿಲು. ಶಾಲೆಯಲ್ಲಿ ಒಂದೇ ಕಂಪ್ಯೂಟರ್ ಇದ್ದರೆ ಅದರ ಮೇಲೆ ಮೊದಲ ಹಕ್ಕು ಅಂಥ ಮಕ್ಕಳದ್ದು.

ಕೊನೆಗೆ, ನಮ್ಮ ಅಭ್ಯಾಸ ಬೋಧನೆ ನೋಡಲು ಬರುವ ಉಪನ್ಯಾಸಕರಲ್ಲಿ ಒಂದು ಕೋರಿಕೆ. ಪಾಠ ಯೋಜನೆಯಲ್ಲಿ ಬೋಧನೋಪಕರಣ ಎಂಬ ಕಾಲಂ ಇರುತ್ತದೆ, ಅಲ್ಲಿ ಪ್ರೊಜೆಕ್ಟರ್ ಎಂದು ಬರೆದರೆ ಅಂಕ ಸಿಗುತ್ತದೆ. ಅದರ ಪಕ್ಕದ ಕಾಲಂ ವಿದ್ಯಾರ್ಥಿ ಚಟುವಟಿಕೆಯದು. ಅಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ‘ಗಮನವಿಟ್ಟು ವೀಕ್ಷಿಸುವರು’ ಎಂದು ಬರೆದು ಪಾರಾಗುತ್ತೇವೆ. ದಯವಿಟ್ಟು ಆ ಒಂದು ಸಾಲನ್ನು ಒಪ್ಪಬೇಡಿ. ಪರದೆ ಬೆಳಗಿದ್ದಾಗ ಮಕ್ಕಳು ಏನು ಬರೆದರು, ಏನು ಕೇಳಿದರು, ಎಷ್ಟು ಜನ ಮಾತಾಡಿದರು ಎಂದು ನಮ್ಮನ್ನು ಕೇಳಿ. ಅದಕ್ಕೆ ಅಂಕ ಕೊಡಿ.

ನಮಸ್ಕಾರ.