ಮಿಯಾಮಿಯನ್ನು ಕಟ್ಟಿದ ಹಣ

ಸಭಿಕರಿಗೆ ನಮಸ್ಕಾರ.

ಮಾದಕ ವಸ್ತು ಎಂದೊಡನೆ ನಮ್ಮ ಕಣ್ಣೆದುರು ಬರುವುದು ಬಂದೂಕು, ರಾತ್ರಿಯ ದೋಣಿ, ಕೈಕೋಳ. ನಾನು ಇಂದು ಬ್ಯಾಂಕಿನ ಲೆಕ್ಕದಿಂದ ಮಾತು ಆರಂಭಿಸುತ್ತೇನೆ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಶಾಖೆಗಳು ಸಾಮಾನ್ಯವಾಗಿ ಊರಿನ ಬ್ಯಾಂಕುಗಳಿಗೆ ನೋಟುಗಳನ್ನು ಕೊಡುತ್ತವೆ. ಮರಳಿ ಬರುವುದು ಅದಕ್ಕಿಂತ ಕಡಿಮೆ. 1979ರ ಹೊತ್ತಿಗೆ ಫ್ಲಾರಿಡಾದಲ್ಲಿ ಇದು ತಲೆಕೆಳಗಾಗಿತ್ತು. ಕೊಟ್ಟದ್ದಕ್ಕಿಂತ 500 ಕೋಟಿ ಡಾಲರಿಗೂ ಹೆಚ್ಚಿನ ನಗದು ಬ್ಯಾಂಕುಗಳಿಂದ ವಾಪಸು ಬಂದಿತ್ತು. ಪ್ರವಾಸಿಗರು ಖರ್ಚು ಮಾಡಿದ ಹಣವೆಂದು ಹೇಳಿ ನಂಬಿಸುವ ಮೊತ್ತ ಇದಲ್ಲ. ಕೊಲಂಬಿಯಾದ ಕೊಕೇನ್ ಫ್ಲಾರಿಡಾದ ಕರಾವಳಿ ನಗರವಾದ ಮಿಯಾಮಿಯ ದಾರಿಯಾಗಿ ಅಮೆರಿಕದ ಹಲವು ಊರುಗಳಿಗೆ ಹೋಗುತ್ತಿತ್ತು. ಮಾರಾಟದ ಹಣ ರಟ್ಟಿನ ಪೆಟ್ಟಿಗೆಗಳಲ್ಲಿ, ಸೂಟ್‌ಕೇಸುಗಳಲ್ಲಿ ಮಿಯಾಮಿಗೇ ಮರಳುತ್ತಿತ್ತು.

ಕರಾವಳಿ ನಗರಗಳ ಬಗ್ಗೆ ಮಾತನಾಡುವಾಗ ನಾನು ಮಿಯಾಮಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಬೇರೆಡೆ ಪಿಸುಮಾತಿನಲ್ಲಿ ಉಳಿಯುವ ಸಂಗತಿಗಳು ಅಲ್ಲಿ ನ್ಯಾಯಾಲಯದ ಕಡತಗಳಿಗೆ ಏರಿವೆ. ಹಣ ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು.

ಊರಿಗೆ ಈ ಕಳ್ಳಸಾಗಣೆಯ ಚಾಳಿ ಹೊಸದೂ ಅಲ್ಲ. 1920ರ ದಶಕದ ಪಾನನಿಷೇಧದ ಕಾಲದಲ್ಲಿ ಎದುರಿನ ಬಿಮಿನಿ ದ್ವೀಪದಿಂದ ಮದ್ಯ ಬರುತ್ತಿತ್ತು. ಷಿಕಾಗೋದ ಕುಖ್ಯಾತ ಪಾತಕಿ ಅಲ್ ಕಪೋನ್ ಇಲ್ಲಿಯ ಪಾಮ್ ಐಲೆಂಡಿನಲ್ಲಿ ಮನೆ ಕೊಂಡು, 1947ರಲ್ಲಿ ಅಲ್ಲಿಯೇ ಸತ್ತ. 1950ರಲ್ಲಿ ಸೆನೆಟರ್ ಕೆಫಾವರ್ ಸಂಘಟಿತ ಅಪರಾಧದ ವಿಚಾರಣೆಗೆ ಹೊರಟಾಗ ಮೊದಲು ಬಂದದ್ದು ಮಿಯಾಮಿಗೆ. ಕ್ಯೂಬಾದ ಕ್ರಾಂತಿಯ ನಂತರ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ದೇಶಭ್ರಷ್ಟ ಕ್ಯೂಬನ್ನರಲ್ಲಿ ಹಲವರಿಗೆ ಕತ್ತಲಲ್ಲಿ ದೋಣಿ ನಡೆಸುವ, ತೀರರಕ್ಷಕರ ಕಣ್ಣು ತಪ್ಪಿಸುವ ತರಬೇತಿ ಕೊಟ್ಟಿತು. ಆ ವಿದ್ಯೆಯನ್ನು ಕೆಲವರು ಮುಂದೆ ಗಾಂಜಾಕ್ಕೂ ಕೊಕೇನಿಗೂ ಬಳಸಿದರು.

1979ರ ಜುಲೈ 11ರಂದು ಹಾಡಹಗಲೇ ಡೇಡ್‌ಲ್ಯಾಂಡ್ ಮಾಲಿನ ಮದ್ಯದಂಗಡಿಯಲ್ಲಿ ಇಬ್ಬರನ್ನು ಗುಂಡಿಟ್ಟು ಕೊಂದರು. 1981ರಲ್ಲಿ ಮಿಯಾಮಿ ಇರುವ ಜಿಲ್ಲೆಯಾದ ಡೇಡ್ ಕೌಂಟಿಯಲ್ಲಿ ನಡೆದ ಕೊಲೆಗಳು 600ಕ್ಕೂ ಹೆಚ್ಚು. ಶವಾಗಾರದಲ್ಲಿ ಜಾಗ ಸಾಲದೆ ಶೈತ್ಯಲಾರಿಯೊಂದನ್ನು ಬಾಡಿಗೆಗೆ ತಂದು ನಿಲ್ಲಿಸಬೇಕಾಯಿತು. ಜಗತ್ತಿನ ಪತ್ರಿಕೆಗಳು ಬರೆದದ್ದು ಇದನ್ನೇ. ಇವೆಲ್ಲ ನಡೆದದ್ದು ನಿಜ. ಆದರೆ ಗುಂಡು ಹಾರಿಸಿದವರು ಊರನ್ನು ಕಟ್ಟಲಿಲ್ಲ. ಅವರ ಯಜಮಾನರ ಹಣವನ್ನು ಎಣಿಸಿಕೊಂಡವರು ಕಟ್ಟಿದರು.

ಹೇಗೆಂದು ಹೇಳುತ್ತೇನೆ. 10,000 ಡಾಲರಿಗಿಂತ ಹೆಚ್ಚು ನಗದು ಜಮೆಯಾದರೆ ಬ್ಯಾಂಕು ಸರ್ಕಾರಕ್ಕೆ ವರದಿ ಕೊಡಬೇಕೆಂಬ ಕಾನೂನು 1970ರಿಂದಲೇ ಇತ್ತು. ಹಾಗಾಗಿ 9,000, 9,500 ಎಂದು ಒಡೆದು ಹತ್ತಾರು ಶಾಖೆಗಳಲ್ಲಿ ಕಟ್ಟುವ ಕೂಲಿಗಳು ಹುಟ್ಟಿಕೊಂಡರು. ಅಷ್ಟು ಶ್ರಮವೂ ಬೇಡವೆನಿಸುವ ಬ್ಯಾಂಕುಗಳಿದ್ದವು. ವರದಿ ಬರೆಯದೆ, ನೋಟು ಎಣಿಸಲು ಶುಲ್ಕ ಹಾಕಿ, ಪೆಟ್ಟಿಗೆಗಳನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದವು. 1980ರಲ್ಲಿ ‘ಆಪರೇಷನ್ ಗ್ರೀನ್‌ಬ್ಯಾಕ್’ ಹೆಸರಿನಲ್ಲಿ ಖಜಾನೆ ಮತ್ತು ನ್ಯಾಯ ಇಲಾಖೆಗಳು ಈ ಲೆಕ್ಕಗಳ ಬೆನ್ನು ಹತ್ತಿದವು. ಆದರೂ ಕಪ್ಪುಹಣವನ್ನು ಬಿಳಿ ಮಾಡುವುದೇ ಒಂದು ಅಪರಾಧವೆಂದು ಅಮೆರಿಕ ಕಾನೂನು ಮಾಡಿದ್ದು 1986ರಲ್ಲಿ. ಅಷ್ಟರೊಳಗೆ ಮಿಯಾಮಿಯ ಬ್ಯಾಂಕುಗಳ ಬೀದಿಯಾದ ಬ್ರಿಕೆಲ್ ಅವೆನ್ಯೂದಲ್ಲಿ ಗಾಜಿನ ಗೋಪುರಗಳು ಎದ್ದಿದ್ದವು.

ಆ ಗೋಪುರಗಳೆಲ್ಲ ಕೊಕೇನಿನವು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಲ್ಯಾಟಿನ್ ಅಮೆರಿಕದ ಶ್ರೀಮಂತರು ತಮ್ಮ ದೇಶದ ಹಣದುಬ್ಬರಕ್ಕೂ ದಂಗೆಗಳಿಗೂ ಹೆದರಿ ತಂದ ಹಣ ಅಲ್ಲಿತ್ತು, ಬಂದರಿನ ಮತ್ತು ವಿಮಾನ ನಿಲ್ದಾಣದ ವ್ಯಾಪಾರವಿತ್ತು, ದಿನಕ್ಕೆ ಎರಡು ಪಾಳಿ ದುಡಿದ ವಲಸಿಗರ ಬೆವರಿತ್ತು. ಕಷ್ಟವಿರುವುದು ಇಲ್ಲಿಯೇ. ಎಲ್ಲ ಹಣವೂ ಒಂದೇ ಕೌಂಟರಿಗೆ ಬಂದು, ಅದರ ಮೂಲವನ್ನು ಯಾರೂ ಕೇಳದಿದ್ದರೆ, ಕೇಳದಿರುವುದೇ ಊರಿನ ಸಭ್ಯತೆಯಾಗುತ್ತದೆ. ವಕೀಲ, ಲೆಕ್ಕಿಗ, ಮನೆ ಮಾರುವ ದಲ್ಲಾಳಿ, ಕಾರಿನ ಅಂಗಡಿಯವನು, ಇವರಲ್ಲಿ ಒಬ್ಬರೂ ಕೊಕೇನನ್ನು ಕಣ್ಣಿನಿಂದ ಕಂಡವರಲ್ಲದಿರಬಹುದು.

ಪೊಲೀಸರು ಏನು ಮಾಡುತ್ತಿದ್ದರು? ಇದಕ್ಕೆ 1980ನೇ ಇಸವಿಯನ್ನು ನೋಡಬೇಕು. ಹಿಂದಿನ ಡಿಸೆಂಬರಿನಲ್ಲಿ ಆರ್ಥರ್ ಮ್ಯಾಕ್‌ಡಫಿ ಎಂಬ ಕಪ್ಪು ವರ್ಣೀಯ ವಿಮಾ ಪ್ರತಿನಿಧಿಯನ್ನು ಪೊಲೀಸರು ಬೆನ್ನಟ್ಟಿ ಹೊಡೆದರು. ಅವರು ಸತ್ತರು. ಪೊಲೀಸರು ಅದನ್ನು ಮೋಟಾರ್‌ಸೈಕಲ್ ಅಪಘಾತವೆಂದು ಬರೆದುಕೊಂಡರು. ಆ ಸುಳ್ಳನ್ನು ಬಯಲಿಗೆ ತಂದವರು ‘ಮಿಯಾಮಿ ಹೆರಾಲ್ಡ್’ನ ವರದಿಗಾರ್ತಿ ಎಡ್ನಾ ಬ್ಯೂಕನನ್. 1980ರ ಮೇ ತಿಂಗಳಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ, ಅಂದರೆ ತೀರ್ಪು ಕೊಡುವ ನಾಗರಿಕರ ತಂಡ, ಆ ಪೊಲೀಸರನ್ನು ಖುಲಾಸೆ ಮಾಡಿತು. ಕಪ್ಪು ಜನರ ಲಿಬರ್ಟಿ ಸಿಟಿ, ಓವರ್‌ಟೌನ್ ಕೇರಿಗಳು ಹೊತ್ತಿಕೊಂಡವು, 18 ಮಂದಿ ಸತ್ತರು. ಅದೇ ವರ್ಷ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕ್ಯೂಬಾದ ಮಾರಿಯೆಲ್ ಬಂದರಿನಿಂದ ಸುಮಾರು 1.25 ಲಕ್ಷ ಜನ ದೋಣಿಗಳಲ್ಲಿ ಬಂದಿಳಿದರು. ಅವರಲ್ಲಿ ಬಹುತೇಕರು ಬದುಕು ಹುಡುಕಿ ಬಂದವರು. ಕೆಲವರ ಅಪರಾಧ ಎಲ್ಲರ ತಲೆಗೂ ಅಂಟಿತು. ದಿಗಿಲುಗೊಂಡ ನಗರಾಡಳಿತ ನೂರಾರು ಪೊಲೀಸರನ್ನು ತರಾತುರಿಯಲ್ಲಿ ಸೇರಿಸಿಕೊಂಡಿತು. ಪೂರ್ವಾಪರ ವಿಚಾರಣೆ, ತರಬೇತಿ ಎರಡೂ ಸಡಿಲವಾಗಿದ್ದವು.

ಅದರ ಫಲ 1985ರ ಜುಲೈನಲ್ಲಿ ಮಿಯಾಮಿ ನದಿಯಲ್ಲಿ ತೇಲಿತು. ಕೊಕೇನ್ ತುಂಬಿದ್ದ ದೋಣಿಯ ಮೇಲೆ ಪೊಲೀಸರು ದಾಳಿ ಮಾಡಿದರು, ಸರಕನ್ನು ವಶಪಡಿಸಿಕೊಳ್ಳಲಿಕ್ಕಲ್ಲ, ಕದ್ದು ಮಾರಲಿಕ್ಕೆ. ಹೆದರಿ ನೀರಿಗೆ ಹಾರಿದವರಲ್ಲಿ ಮೂವರು ಮುಳುಗಿ ಸತ್ತರು. ಮುಂದಿನ ತನಿಖೆಯಲ್ಲಿ ನೂರರ ಹತ್ತಿರ ಪೊಲೀಸರು ಬಂಧನ, ವಜಾ, ಅಮಾನತು ಇಲ್ಲವೇ ಛೀಮಾರಿಗೆ ಒಳಗಾದರು.

ನ್ಯಾಯಾಲಯವೂ ಉಳಿಯಲಿಲ್ಲ. ನನ್ನನ್ನು ಅತ್ಯಂತ ಕಳವಳಗೊಳಿಸಿರುವುದು ಸಾಲ್ ಮಗ್ಲುಟಾ ಮತ್ತು ವಿಲ್ಲಿ ಫಾಲ್ಕನ್ ಪ್ರಕರಣ. ಮಿಯಾಮಿಯ ಶಾಲೆಯೊಂದರಲ್ಲಿ ಜೊತೆಗೆ ಓದಿದ ಗೆಳೆಯರು, ವೇಗದ ದೋಣಿ ಪಂದ್ಯಗಳಲ್ಲಿ ಹೆಸರು ಮಾಡಿದವರು. ಸುಮಾರು 75 ಟನ್ ಕೊಕೇನ್ ತರಿಸಿದರೆಂಬುದು ಅವರ ಮೇಲಿನ ಆರೋಪ. 1996ರಲ್ಲಿ ಜ್ಯೂರಿ ಇಬ್ಬರನ್ನೂ ನಿರ್ದೋಷಿಗಳೆಂದು ಬಿಟ್ಟಿತು. ಆಮೇಲೆ ಗೊತ್ತಾಯಿತು, ಜ್ಯೂರಿಯ ಮುಖ್ಯಸ್ಥನೇ ಲಂಚ ತಿಂದಿದ್ದ. ಅವನೂ ಜೈಲಿಗೆ ಹೋದ. ಮಗ್ಲುಟಾನಿಗೆ ಮುಂದೆ ಹಣ ಬಿಳಿ ಮಾಡಿದ್ದಕ್ಕೂ ಲಂಚಕ್ಕೂ 205 ವರ್ಷಗಳ ಶಿಕ್ಷೆಯಾಯಿತು. ನೆರೆಕೆರೆಯಲ್ಲಿ ಈ ಇಬ್ಬರನ್ನು ಮೆಚ್ಚಿದವರು ಕಡಿಮೆಯಿರಲಿಲ್ಲ. ಗೆದ್ದವನಿಗೆ ಚಪ್ಪಾಳೆ, ಕೊಟ್ಟವನಿಗೆ ಕೃತಜ್ಞತೆ. ಸಂಸ್ಕೃತಿ ಎಂದು ನಾನು ಕರೆಯುವುದು ಇದನ್ನೂ ಸೇರಿಸಿ.

ದೂರದರ್ಶನದ ಪಾಲೂ ಇದೆ. 1984ರಲ್ಲಿ ‘ಮಿಯಾಮಿ ವೈಸ್’ ಧಾರಾವಾಹಿ ಆರಂಭವಾದಾಗ ಊರಿನ ಹೆಸರು ಕೆಡುವುದೆಂದು ಅಳುಕಿದವರಿದ್ದರು. ಪ್ರವಾಸಿಗರ ಸಂಖ್ಯೆ ಏರಿತು, ಅಪರಾಧವೇ ಜಾಹೀರಾತಾಯಿತು. ಆದರೆ ಆ ಧಾರಾವಾಹಿ ತೋರಿಸಿದ ಸೌತ್ ಬೀಚಿನ ಆರ್ಟ್ ಡೆಕೊ ಶೈಲಿಯ ಹಳೆಯ ಕಟ್ಟಡಗಳನ್ನು ಬುಲ್ಡೋಜರಿನಿಂದ ಕಾಪಾಡಲು ಹೋರಾಡಿದವರು ಬಾರ್ಬರಾ ಕ್ಯಾಪಿಟ್‌ಮನ್ ಮತ್ತು ಅವರ ಸಂಗಡಿಗರು. 1979ರಲ್ಲಿಯೇ ಆ ಬಡಾವಣೆಯನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸುವಲ್ಲಿ ಅವರು ಗೆದ್ದಿದ್ದರು. ಮಿಯಾಮಿಯ ಚೆಲುವಿನ ಕೀರ್ತಿಯನ್ನು ಕಳ್ಳಸಾಗಣೆದಾರರಿಗೆ ಕೊಡುವವರು ಈ ಹೆಂಗಸಿನ ಹೆಸರನ್ನು ಮರೆಯಬಾರದು.

ಇಷ್ಟು ಹಣ ಹರಿದ ಊರಿನಲ್ಲಿ ಓವರ್‌ಟೌನಿಗೆ ಸಿಕ್ಕಿದ್ದೇನು? ಒಂದು ಕಾಲದಲ್ಲಿ ಕಪ್ಪು ಜನರ ಸಂಗೀತಕ್ಕೂ ವ್ಯಾಪಾರಕ್ಕೂ ಹೆಸರಾಗಿದ್ದ ಆ ಕೇರಿಯನ್ನು 1960ರ ದಶಕದಲ್ಲಿ ಹೆದ್ದಾರಿಗಳು ಸೀಳಿ ಹಾಕಿದ್ದವು. 1980ರ ದಶಕದಲ್ಲಿ ಕೊಕೇನಿನ ಅಗ್ಗದ ರೂಪವಾದ ಕ್ರ್ಯಾಕ್ ಅಲ್ಲಿಗೆ ಬಂತು. ಲಾಭ ಬ್ರಿಕೆಲ್‌ಗೆ ಹೋಯಿತು. ಸ್ವಲ್ಪ ದೂರದ ಓವರ್‌ಟೌನಿನಲ್ಲಿ ಚಟವೂ ಜೈಲುವಾಸವೂ ಉಳಿದವು. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಅದನ್ನು ಮುಚ್ಚಿಡಬೇಕೆಂದೂ ಅನಿಸುವುದಿಲ್ಲ.

1982ರಲ್ಲಿ ರೇಗನ್ ಸರ್ಕಾರ ಉಪಾಧ್ಯಕ್ಷ ಬುಷ್ ಅವರ ನೇತೃತ್ವದಲ್ಲಿ ವಿಶೇಷ ಕಾರ್ಯಪಡೆ ರಚಿಸಿತು. ಕಡಲದಾರಿ ಬಿಗಿಯಾದಂತೆ ಕೊಕೇನ್ ಮೆಕ್ಸಿಕೋದ ಕಡೆ ತಿರುಗಿತು, ಅಲ್ಲಿನ ತಂಡಗಳನ್ನು ಕೊಬ್ಬಿಸಿತು. ಮಿಯಾಮಿಯಲ್ಲಿ ಕೊಲೆಗಳು ಕಡಿಮೆಯಾದವು. ಹಣದ ಮೂಲ ಕೇಳದ ರೂಢಿ ಕಡಿಮೆಯಾಗಲಿಲ್ಲ. 1996ರಲ್ಲಿ ನಗರಾಡಳಿತದ ಉನ್ನತ ಅಧಿಕಾರಿಗಳೇ ಲಂಚದ ತನಿಖೆಯಲ್ಲಿ ಸಿಕ್ಕಿಬಿದ್ದರು, ಬೊಕ್ಕಸದಲ್ಲಿ 6.8 ಕೋಟಿ ಡಾಲರ್ ಕೊರತೆ ಕಂಡಿತು. 1998ರಲ್ಲಿ ಗೈರುಹಾಜರಿ ಮತಪತ್ರಗಳ ಅಕ್ರಮಕ್ಕಾಗಿ ಮೇಯರ್ ಚುನಾವಣೆಯನ್ನೇ ನ್ಯಾಯಾಲಯ ರದ್ದುಪಡಿಸಿತು. ಇವು ಕೊಕೇನಿನ ಪ್ರಕರಣಗಳಲ್ಲ, ನಿಜ. ಆದರೆ ಕಣ್ಣು ಮುಚ್ಚುವುದನ್ನು ಒಂದು ಕಡೆ ಕಲಿತ ಊರು ಇನ್ನೊಂದು ಕಡೆ ತೆರೆಯುವುದಿಲ್ಲ.

ಹಳೆಯ ಕಥೆ ಎನ್ನುವವರಿಗೆ ಒಂದು ಸಂಗತಿ. 2016ರ ಮಾರ್ಚ್‌ನಿಂದ ಜಾರಿಗೆ ಬರುವಂತೆ ಅಮೆರಿಕದ ಖಜಾನೆ ಇಲಾಖೆ ಮಿಯಾಮಿ-ಡೇಡ್ ಮತ್ತು ಮ್ಯಾನ್‌ಹಟನ್‌ಗಳಿಗೆ ವಿಶೇಷ ಆದೇಶ ಹೊರಡಿಸಿತು. ಬ್ಯಾಂಕ್ ಸಾಲವಿಲ್ಲದೆ, ಹೆಸರಿಗಷ್ಟೇ ಇರುವ ಕಂಪನಿಯ ಮೂಲಕ ದುಬಾರಿ ಮನೆ ಕೊಂಡರೆ ನಿಜವಾದ ಒಡೆಯ ಯಾರೆಂದು ತಿಳಿಸಬೇಕಿತ್ತು. ಮಿಯಾಮಿಯಲ್ಲಿ ಆಗ ಮಿತಿ 10 ಲಕ್ಷ ಡಾಲರ್ ಇತ್ತು. ಆಮೇಲೆ ಈ ಆದೇಶ ಇತರ ನಗರಗಳಿಗೂ ವಿಸ್ತರಿಸಿತು. 2017ರ ಆರಂಭದಲ್ಲಿ ಇಲಾಖೆ ಹೇಳಿದ ಪ್ರಕಾರ, ಹೀಗೆ ವರದಿಯಾದ ಖರೀದಿಗಳಲ್ಲಿ ಸುಮಾರು ಶೇ 30ರಷ್ಟರಲ್ಲಿ ಕೊಂಡವರ ಅಥವಾ ಅವರ ಪ್ರತಿನಿಧಿಗಳ ಮೇಲೆ ಮೊದಲೇ ಶಂಕಾಸ್ಪದ ವ್ಯವಹಾರದ ವರದಿಗಳಿದ್ದವು.