ದುಡ್ಡಿರುವ ದೇಶ, 13 ವರ್ಷದ ಕಾರು

[ದೃಶ್ಯ: ಹೆಲ್ಸಿಂಕಿ ಪಕ್ಕದ ಎಸ್ಪೋ. ಅಪಾರ್ಟ್‌ಮೆಂಟ್ ಹಿಂದಿನ ಪಾರ್ಕಿಂಗ್. ಹಿಮ ಹೊದ್ದ ಕಾರುಗಳ ಸಾಲು.]

ನಮಸ್ಕಾರ. ಈ ಸಾಲು ನೋಡಿ. ಹಳೇ ಕೊರೊಲ್ಲಾ, ಅದರ ಪಕ್ಕ ಹಳೇ ಆಕ್ಟೇವಿಯಾ, ಆಮೇಲೊಂದು ವೋಲ್ವೋ. ಒಂದೂ 10 ವರ್ಷದ ಒಳಗಿನದಲ್ಲ. ಆದರೆ ಕೀ ತಿರುಗಿಸಿದರೆ ಸಾಕು, ಒಂದೇ ಸಲಕ್ಕೆ ಸ್ಟಾರ್ಟ್. ಊರಿಂದ ಬಂದವರೆಲ್ಲ ಕೇಳುವುದು ಒಂದೇ: "ಇಷ್ಟು ದುಡ್ಡಿರೋ ದೇಶದಲ್ಲಿ ಯಾಕಪ್ಪಾ ಇಂಥ ಹಳೇ ಗಾಡಿಗಳು?"

ಫಿನ್‌ಲ್ಯಾಂಡ್‌ನಲ್ಲಿ ಓಡಾಡುವ ಕಾರುಗಳ ಸರಾಸರಿ ವಯಸ್ಸು 13 ವರ್ಷ ದಾಟಿದೆ. ಅಷ್ಟೇ ಶ್ರೀಮಂತ, ಅಷ್ಟೇ ಚಳಿಯ ಪಕ್ಕದ ಸ್ವೀಡನ್‌ನಲ್ಲಿ ಇಷ್ಟಿಲ್ಲ. ವ್ಯತ್ಯಾಸ ಇರುವುದು ತೆರಿಗೆಯಲ್ಲಿ.

[ದೃಶ್ಯ: ಶೋರೂಮ್, ಬೆಲೆ ಚೀಟಿ.]

ಕಾರು ಇಲ್ಲಿ ಮೊದಲ ಸಲ ನೋಂದಣಿಯಾಗುವಾಗ ಒಂದು ತೆರಿಗೆ ಬೀಳುತ್ತದೆ. ನಮ್ಮ ಲೈಫ್‌ಟೈಮ್ ಟ್ಯಾಕ್ಸ್ ನೆನಪಾಗುತ್ತದೆ, ಅಲ್ವಾ? 2008ರಿಂದ ಹೊಗೆ ಜಾಸ್ತಿ ಬಿಡುವ ಕಾರಿಗೆ ತೆರಿಗೆಯೂ ಜಾಸ್ತಿ. ಜರ್ಮನಿಯಿಂದ ಸೆಕೆಂಡ್ ಹ್ಯಾಂಡ್ ತಂದರೂ ತಪ್ಪುವುದಿಲ್ಲ. ಹೊಸ ಕಾರಿಗಾದರೆ ಇದು ಸಾಲದೆಂದು 25.5% ವ್ಯಾಟ್ ಬೇರೆ. ಇಷ್ಟೆಲ್ಲ ಕೊಟ್ಟು ತಂದ ಕಾರನ್ನು ಐದು ವರ್ಷಕ್ಕೆ ಬದಲಾಯಿಸಲು ಯಾರಿಗೆ ಮನಸ್ಸು ಬರುತ್ತದೆ?

ಹಳೆಯ ಕಥೆ ಇನ್ನೂ ಮಜಾ ಇದೆ. 1962ರ ತನಕ ಇಲ್ಲಿ ಕಾರು ತರಿಸಲು ಲೈಸೆನ್ಸ್ ಬೇಕಿತ್ತು. ಸಿಗುತ್ತಿದ್ದುದರಲ್ಲಿ ಸೋವಿಯತ್ ಒಕ್ಕೂಟದ ಮಾಸ್ಕ್ವಿಚ್, ಪೊಬೆದಾ ಕಾರುಗಳೇ ಸುಮಾರಿದ್ದವು. ಸಿಕ್ಕಿದ ಗಾಡಿಯನ್ನು ಜೋಪಾನ ಮಾಡುವ ಅಭ್ಯಾಸ ಇಲ್ಲಿ ಇಂದು ನಿನ್ನೆಯದಲ್ಲ.

ಸರಿ, ಹಳೇದಾಯಿತು. ಗುಜರಿ ಯಾಕಾಗಲಿಲ್ಲ?

[ದೃಶ್ಯ: ತಪಾಸಣೆ ಕೇಂದ್ರ. ನೆಲದ ಗುಂಡಿಯಲ್ಲಿ ನಿಂತ ಇನ್ಸ್‌ಪೆಕ್ಟರ್, ಕೈಯಲ್ಲಿ ಟಾರ್ಚ್.]

ಕಾರಣ ಈ ಕಡ್ಡಾಯ ತಪಾಸಣೆ. ಇದಕ್ಕೆ ಇಲ್ಲಿ 'ಕಟ್ಸಾಸ್ಟುಸ್' ಅನ್ನುತ್ತಾರೆ. ನಾಲ್ಕು ವರ್ಷ ತುಂಬಿದಾಗ ಮೊದಲನೆಯದು. ಆಮೇಲೆ ಎರಡು ವರ್ಷಕ್ಕೊಮ್ಮೆ. 10 ದಾಟಿತೋ, ಪ್ರತಿ ವರ್ಷ. ನಮ್ಮಲ್ಲಿ ಸ್ವಂತ ಕಾರಿಗೆ ಎಮಿಷನ್ ಟೆಸ್ಟ್ ಬಿಟ್ಟರೆ 15 ವರ್ಷದ ತನಕ ಯಾರೂ ಕೇಳುವುದಿಲ್ಲ.

ನನ್ನ ಕಾರು ಹೋದಾಗ ನೋಡಿದ್ದು ಹೇಳುತ್ತೇನೆ. ಮೊದಲು ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಬ್ರೇಕ್ ನೋಡಿದರು. ಎಡ, ಬಲ ಎರಡೂ ಒಂದೇ ಸಮ ಹಿಡಿಯಬೇಕು. ಆಮೇಲೆ ಟೈರ್ ಕೆಳಗಿನ ಪ್ಲೇಟ್ ಗಡಗಡ ಅಲ್ಲಾಡಿತು. ಗುಂಡಿಯಲ್ಲಿದ್ದವರು ಸಸ್ಪೆನ್ಷನ್ ಜಾಯಿಂಟ್ ಒಂದೊಂದಕ್ಕೂ ಟಾರ್ಚ್ ಬಿಟ್ಟರು. ಕೊನೆಗೆ ತಳದಲ್ಲಿ ಟಕ್ ಟಕ್. ಹುಡುಕುತ್ತಿದ್ದುದು ತುಕ್ಕು. ಚಳಿಗಾಲದಲ್ಲಿ ಮುಖ್ಯ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ, ಅದು ತಗಡನ್ನು ತಿನ್ನುತ್ತದೆ. ಮೇಲೆ ಪೇಂಟ್ ಫಳಫಳ ಅಂದರೂ ಕೆಳಗೆ ತೂತಾಗಿದ್ದರೆ ಫೇಲ್. ಒಂದು ತಿಂಗಳೊಳಗೆ ರಿಪೇರಿ ಮಾಡಿಸಿ ಮತ್ತೆ ತೋರಿಸಬೇಕು. ತೀರಾ ಅಪಾಯವಿದ್ದರೆ ಓಡಿಸಲೇ ಬಿಡುವುದಿಲ್ಲ.

[ದೃಶ್ಯ: ಮತ್ತೆ ಪಾರ್ಕಿಂಗ್. ಕಂಬದಿಂದ ಕಾರಿನ ಬಾನೆಟ್‌ಗೆ ವೈರ್.]

ಈ ವೈರ್ ನೋಡಿ ಎಲೆಕ್ಟ್ರಿಕ್ ಕಾರು ಅಂದುಕೊಳ್ಳಬೇಡಿ, ಪೆಟ್ರೋಲ್ ಕಾರೇ. ಒಳಗೆ ಎಂಜಿನ್ ಬೆಚ್ಚಗಿಡುವ ಹೀಟರ್ ಇದೆ. ಕಂಬದಲ್ಲಿ ಟೈಮರ್ ಇಟ್ಟು ಮಲಗಿದರಾಯಿತು. ಮೈನಸ್ 20ರಲ್ಲಿ ಹೆಪ್ಪುಗಟ್ಟಿದ ಎಂಜಿನ್ ಸ್ಟಾರ್ಟ್ ಮಾಡಿದರೆ ಸವೆತ ಜಾಸ್ತಿ. ಸುಮ್ನೆ ಎಂಜಿನ್ ಆನ್ ಮಾಡಿ ಬಿಸಿ ಮಾಡೋಣ ಅಂದರೆ ಕಾನೂನು ಬಿಡುವುದಿಲ್ಲ. ನಿಂತಲ್ಲಿ ಎರಡು ನಿಮಿಷ, ಮೈನಸ್ 15ಕ್ಕಿಂತ ಕೆಳಗಾದರೆ ನಾಲ್ಕು ನಿಮಿಷ, ಅಷ್ಟೇ.

ನನಗೆ ನಗು ಬರುವುದು ಒಂದಕ್ಕೆ. ಹೊಗೆ ಕಡಿಮೆ ಮಾಡಲು ಹಾಕಿದ ತೆರಿಗೆ ಹೊಸ ಕಾರನ್ನು ದುಬಾರಿ ಮಾಡಿತು. ಜನ ಹೊಗೆ ಬಿಡುವ ಹಳೇದನ್ನೇ ಇಟ್ಟುಕೊಂಡರು. ಆಮೇಲೆ ಅದೇ ಸರ್ಕಾರ 2015, 2018, 2020ರಲ್ಲಿ "ಹಳೇದನ್ನು ಗುಜರಿಗೆ ಕೊಡಿ, ದುಡ್ಡು ಕೊಡುತ್ತೇವೆ" ಎಂದಿತು! 2021ರ ಅಕ್ಟೋಬರ್‌ನಿಂದ ಎಲೆಕ್ಟ್ರಿಕ್ ಕಾರಿಗೆ ಈ ತೆರಿಗೆಯೇ ಇಲ್ಲ.

[ದೃಶ್ಯ: ನಿರೂಪಕರ ಕಾರು, ಹಿಂದಿನ ಚಕ್ರದ ಹತ್ತಿರ ಕ್ಯಾಮೆರಾ.]

ನನ್ನದಕ್ಕೆ ಮಾರ್ಚ್‌ನಲ್ಲಿ ಮತ್ತೆ ತಪಾಸಣೆ. ಇಲ್ಲಿ ನೋಡಿ, ಅಂಗೈ ಅಗಲ ತುಕ್ಕು. ವೆಲ್ಡಿಂಗ್ ಖರ್ಚು ಕಾರಿನ ಬೆಲೆ ದಾಟದಿದ್ದರೆ ಇನ್ನೊಂದು ವರ್ಷ ಓಡಿಸುತ್ತೇನೆ.