ಮೂಟೆ ಬೇಡ, ಸ್ಯಾಂಪಲ್ ತಗೊಂಡು ಹೋಗಿ

ಎಲ್ಲರಿಗೂ ನಮಸ್ಕಾರ. ಮೈಕ್ ಸ್ವಲ್ಪ ಕೆಳಗಿಳಿಸಿ ಮಾರಾಯ್ರೆ, ನನಗಿಂತ ಮುಂಚೆ ಮಾತಾಡಿದವರು ಆರಡಿ ಇದ್ರು. ಹಾಂ, ಸಾಕು.

ನಂಗೆ ಕೊಟ್ಟಿರೋ ವಿಷಯ ಲೇಖಕರ ಸಮಾವೇಶ, ಪ್ರಕಾಶನದ ಸಂಪಾದಕರು, ಸಾಹಿತ್ಯದ ಏಜೆಂಟರು, ಅಂದ್ರೆ ಲೇಖಕರ ಪರವಾಗಿ ಪ್ರಕಾಶಕರಿಗೆ ಪುಸ್ತಕ ಮಾರಿಸೋರು. ಆಹ್ವಾನ ಪತ್ರಿಕೇಲಿ ಏಜೆಂಟರು ಅಂತ ನೋಡಿ ನಮ್ಮ ಪಕ್ಕದ ತೋಟದವರು ಫೋನ್ ಮಾಡಿ "ಏನಕ್ಕಾ, ಈ ಸಲ ಕಾಫಿ ಯಾರಿಗೆ ಹಾಕ್ತಿದೀರ" ಅಂತ ಕೇಳಿದ್ರು. ನಗ್ಬೇಡಿ, ನಾನು ಇವತ್ತು ಹೇಳೋದೂ ಹೆಚ್ಚುಕಮ್ಮಿ ಅದನ್ನೇ.

2025ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಅವತ್ತಿಂದ ನಂಗೆ ವಾರಕ್ಕೆರಡು ಫೋನು. ಮೇಡಂ, ಏಜೆಂಟ್ ನಂಬರ್ ಇದ್ಯಾ? ಕಥೆ ಬರೆದಿದೀಯೇನಪ್ಪಾ ಅಂದ್ರೆ ಇನ್ನು ಬರೀಬೇಕು ಅಂತಾರೆ. ಒಬ್ಬ ಹುಡುಗ ಅಂತೂ ಬುಕರ್‌ಗೆ ಅರ್ಜಿ ತಾಲೂಕು ಆಫೀಸಲ್ಲಿ ಸಿಗುತ್ತಾ ಅಂತ ಕೇಳ್ದ, ಜಾತಿ ಆದಾಯ ಸರ್ಟಿಫಿಕೇಟ್ ಜೊತೆಗೇ ಕೊಡ್ಬಹುದು ಅಂದ್ಕೊಂಡಿದ್ನೋ ಏನೋ. ಬಹುಮಾನ ಬಂದ 'ಹಾರ್ಟ್ ಲ್ಯಾಂಪ್' ಪುಸ್ತಕದಲ್ಲಿರೋ 12 ಕಥೆ 1990ರಿಂದ 2023ರವರೆಗೆ ಬರೆದದ್ದು ಕಣ್ರಪ್ಪಾ. ಮೂವತ್ತು ವರ್ಷದ ಫಸಲು. ಅದ್ರಲ್ಲಿ ದೀಪಾ ಭಾಸ್ತಿ ಆರಿಸಿ, ಅನುವಾದ ಮಾಡಿ, ಇಂಗ್ಲೆಂಡಲ್ಲಿ ಒಂದು ಸಣ್ಣ ಪ್ರಕಾಶನ ಅದನ್ನ ಹಾಕ್ತು. 50 ಸಾವಿರ ಪೌಂಡ್ ಬಹುಮಾನ, ಬರೆದವರಿಗೂ ಅನುವಾದಿಸಿದವರಿಗೂ ಸಮಸಮ. ಕೊನೇ ಸಾಲಲ್ಲಿ ಅನುವಾದಕರಿಗೆ ಒಂದು ಥ್ಯಾಂಕ್ಸ್ ಹೇಳಿ ಮುಗಿಸೋ ಲೇಖಕರು ಇದನ್ನ ಸ್ವಲ್ಪ ಗಟ್ಟಿಯಾಗಿ ಓದ್ಕೋಬೇಕು.

ಈಗ ನನ್ನ ಕಥೆ. ಹಿಂದೆ ಹೇಳಿದ್ದೀನಿ, ಕೇಳಿದವರು ಸಹಿಸ್ಕೊಳ್ಳಿ.

ಕೆಲವು ವರ್ಷದ ಹಿಂದೆ ಬೆಂಗಳೂರಲ್ಲಿ ಎರಡು ದಿನದ ಲೇಖಕರ ಸಮಾವೇಶ ಅಂತ ಆಯ್ತು, ಮೊದಲೇ ಫೀಸ್ ಕಟ್ಟಿ ಹೆಸರು ಬರೆಸಿದ್ರೆ ಒಬ್ಬ ಸಂಪಾದಕರ ಜೊತೆ ಹತ್ತು ನಿಮಿಷ ಕೂತು ಮಾತಾಡ್ಬಹುದು. ಅಮೆರಿಕದ ಕಡೆ ಇದು ತುಂಬ ಹಳೇ ಪದ್ಧತಿ, ಸಮಾವೇಶಕ್ಕೊಂದು ಫೀಸು, ಏಜೆಂಟ್ ಎದುರು ಕೂರೋ ಹತ್ತು ನಿಮಿಷಕ್ಕೆ ಎಷ್ಟೋ ಕಡೆ ಬೇರೇನೇ ಫೀಸು. ನಾನು ಹೆಸರು ಬರೆಸ್ದೆ. 460 ಪುಟದ ಕಾದಂಬರಿ, ಡಿಟಿಪಿ ಮಾಡಿಸಿ, ಸ್ಪೈರಲ್ ಹಾಕಿಸಿ, ಅದರ ಮೇಲೆ ಇಂಗ್ಲಿಷಿಗೆ ಮಾಡಿದ ನಾಲ್ಕು ಅಧ್ಯಾಯ, ಅದರ ಮೇಲೆ ನನ್ನ ಬಗ್ಗೆ ಪೇಪರಲ್ಲಿ ಬಂದಿದ್ದ ಕಟಿಂಗು, ಎಲ್ಲಾ ಸೇರಿ ಒಂದು ದೊಡ್ಡ ಬ್ಯಾಗು. ನಮ್ಮನೆಯವ್ರು ಬಸ್‌ಸ್ಟ್ಯಾಂಡಿಗೆ ಬಿಡೋಕೆ ಬಂದವರು ಬ್ಯಾಗ್ ಎತ್ತಿ ನೋಡಿ ಒಂದು ಮಾತು ಹೇಳಿದ್ರು: "ಅಲ್ಲಾ ಮಾರಾಯ್ತಿ, ಮಾರೋಕೆ ಹೋಗೋವಾಗ ಸ್ಯಾಂಪಲ್ ತಗೊಂಡು ಹೋಗ್ತಾರೆ, ಮೂಟೆ ಯಾಕೆ ಹೊತ್ಕೊಂಡು ಹೋಗ್ತಿದೀಯ?" ನಂಗೆ ಸಿಟ್ಟು ಬಂತು. ಸಾಹಿತ್ಯಕ್ಕೂ ಕಾಫಿಗೂ ಏನ್ರೀ ಸಂಬಂಧ ಅಂತ ಬೈದು ಬಸ್ ಹತ್ತಿದೆ.

ಅಲ್ಲಿ ಹೋಟೆಲಿನ ಕಾರಿಡಾರಲ್ಲಿ ಸಾಲಾಗಿ ಕುರ್ಚಿ. ಥೇಟ್ ಡಾಕ್ಟರ್ ಕ್ಲಿನಿಕ್. ಎಲ್ಲರ ತೊಡೆ ಮೇಲೂ ಬ್ಯಾಗು, ಯಾರೂ ಯಾರನ್ನೂ ನೋಡಲ್ಲ. ನನ್ನ ಪಕ್ಕ ಒಬ್ಬ ರಿಟೈರ್ಡ್ ಬ್ಯಾಂಕ್ ಆಫೀಸರು, ಅವರದ್ದು ಮೂರು ಸಂಪುಟ. ಬಾಗಿಲಲ್ಲಿ ಒಂದು ಹುಡುಗಿ ಗಂಟೆ ಹಿಡ್ಕೊಂಡು ನಿಂತಿದ್ಲು, ಟಣ್ ಅಂದ್ರೆ ಎದ್ದು ಬರ್ಬೇಕು. ನನ್ನ ಸರದಿ ಬಂತು. ಎದುರಿಗೆ ನನ್ನ ಮಗಳ ವಯಸ್ಸಿನ ಸಂಪಾದಕಿ. ನಾನು ಶುರು ಮಾಡ್ದೆ: ನಮಸ್ಕಾರ, ನಾನು ಮಲೆನಾಡಿನವಳು, ನಮ್ಮ ಕಡೆ ಸಾಹಿತ್ಯದ ಪರಂಪರೆ ಹೀಗಿದೆ, ನವೋದಯ ಹಾಗೆ, ನವ್ಯ ಹೀಗೆ. ನಿಮ್ಮಂಥವರ ಎದುರು ಅಧ್ಯಕ್ಷ ಭಾಷಣ ಮಾಡೋ ಚಟ ನೋಡಿ, ಏಳು ನಿಮಿಷ ಅದಕ್ಕೇ ಹೋಯ್ತು. ಪಾಪ ಆ ಹುಡುಗಿ ಗಡಿಯಾರ ನೋಡಿ "ಮೇಡಂ, ಕಾದಂಬರೀಲಿ ಯಾರಿಗೆ ಏನಾಗುತ್ತೆ?" ಅಂತ ಕೇಳಿದ್ಲು. ನಾನು ಏನಂದೆ ಗೊತ್ತಾ? "ಇದು ಮಲೆನಾಡಿನ ಬದುಕಿನ ಸಮಗ್ರ ಚಿತ್ರಣ." ಟಣ್. ಬ್ಯಾಗು ಮುಂದೆ ತಳ್ಳಿದೆ, "ಇಷ್ಟು ತೂಕ ಫ್ಲೈಟಲ್ಲಿ ತಗೊಂಡು ಹೋಗಕ್ಕಾಗಲ್ಲ ಮೇಡಂ" ಅಂತ ವಾಪಸ್ ತಳ್ಳಿದ್ಲು.

ಹೊರಗೆ ಬಂದು ಕಾಫಿ ಹಿಡ್ಕೊಂಡು ನಿಂತಿದ್ದೆ, ಅದೂ ಎಂಥಾ ಕಾಫಿ, ಅರ್ಧಕ್ಕರ್ಧ ಚಿಕೋರಿ. ಆ ಬ್ಯಾಂಕಿನವರು ಬಂದು ಸುಮ್ನೆ ಕೇಳಿದ್ರು, ನಿಮ್ಮ ಕಥೆ ಏನಮ್ಮಾ ಅಂತ. ಸಾಕಾಗಿತ್ತು, ಹೇಳ್ದೆ: ಒಬ್ಬಳು ಅತ್ತೆ ಸರ್, ಗಂಡನ ಸಾಲದ ಪತ್ರ ಎಲ್ಲಾ ಕಾಫಿ ಒಣಗಿಸೋ ಕಣದ ಕೆಳಗೆ ಹೂತಿಟ್ಟಿದಾಳೆ, ಸೊಸೆ ಆ ಮಣ್ಣಿನ ಕಣ ಅಗೆಸಿ ಸಿಮೆಂಟ್ ಹಾಕಿಸ್ತೀನಿ ಅಂತ ಹಠ ಹಿಡಿದಿದಾಳೆ. ಆ ಮನುಷ್ಯ ಲೋಟ ಕೆಳಗಿಟ್ಟು "ಆಮೇಲೆ?" ಅಂದ್ರು.

ಅಷ್ಟೇ ಕಣ್ರೀ. ಆಮೇಲೆ ಅನ್ನಿಸೋದು. "ಒಳಗೆ ಇದನ್ನ ಹೇಳಿದ್ರಾ?" ಅಂತ ಕೇಳಿದ್ರು. ಇಲ್ಲ ಸರ್, ನವ್ಯದ ಬಗ್ಗೆ ಹೇಳ್ದೆ ಅಂದೆ.

ನಮ್ಮನೆಯವ್ರು ಹೇಳಿದ್ದು ಅಲ್ಲೇ ಅರ್ಥ ಆಗಿದ್ದು. ಇಲ್ಲಿ ಬೆಳೆಗಾರರ ಮನೆ ಮಕ್ಕಳು ತುಂಬಾ ಜನ ಇದೀರಿ, ನಿಮಗೆ ಔಟ್‌ಟರ್ನ್ ಅಂದ್ರೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ, ಪೇಟೆಯಿಂದ ಬಂದವರಿಗೋಸ್ಕರ ಹೇಳ್ತೀನಿ. 50 ಕೆಜಿ ಚೀಲದ ಚೆರಿ, ಅಂದ್ರೆ ಒಣಗಿಸಿದ ಕಾಫಿ ಹಣ್ಣು, ಸಿಪ್ಪೆ ತೆಗೆದ್ರೆ ಬೀಜ ಎಷ್ಟು ಕೆಜಿ ಸಿಗುತ್ತೆ, 26ರಾ 28ರಾ, ಆ ಲೆಕ್ಕದ ಮೇಲೆ ರೇಟು. ಅದಕ್ಕೆ ವ್ಯಾಪಾರಿ ಮೂಟೆ ಪೂರ್ತಿ ಸುರಿಸಲ್ಲ. ಒಂದಿಷ್ಟು ತೆಗೀತಾನೆ, ಸಿಪ್ಪೆ ಬಿಡಿಸ್ತಾನೆ, ತೂಗ್ತಾನೆ, ಮಾಯಿಶ್ಚರ್ ನೋಡ್ತಾನೆ, ಮುಗೀತು. ಸಂಪಾದಕರೂ ನಿಮ್ಮ ಮೊದಲನೇ ಐದು ಪುಟದಲ್ಲಿ ಅದನ್ನೇ ಮಾಡೋದು. ನನ್ನ ಕಥೆ ನೂರನೇ ಪುಟದಿಂದ ಚೆನ್ನಾಗಾಗುತ್ತೆ ಮೇಡಂ ಅನ್ನೋರಿದಾರೆ. ಒಳ್ಳೇ ಬೀಜ ಮೂಟೆಯ ತಳದಲ್ಲಿದೆ ಅಂದ್ರೆ ಯಾವ ವ್ಯಾಪಾರಿ ಕೇಳ್ತಾನೆ?

ಇನ್ನೊಂದು. ನಮ್ಮ ಮಾವನವರ ಕಾಲದಲ್ಲಿ ಪೂಲ್ ಇತ್ತು. ಬೆಳೆದ ಕಾಫಿ ಕಾಫಿ ಬೋರ್ಡಿಗೆ ಹಾಕೋದು, ಬೋರ್ಡು ಮಾರಿ ಕಂತುಕಂತಲ್ಲಿ ದುಡ್ಡು ಕೊಡೋದು. ತೊಂಬತ್ತರ ದಶಕದಲ್ಲಿ ಒಂದೊಂದೇ ಗಂಟು ಬಿಚ್ಚಿ 1996ಕ್ಕೆ ಪೂರ್ತಿ ಮುಕ್ತ ಆಯ್ತು. ಈಗ ನಮ್ಮನೆಯವ್ರು ಬೆಳಿಗ್ಗೆ ಹಲ್ಲುಜ್ಜೋಕೆ ಮುಂಚೆ ನ್ಯೂಯಾರ್ಕಲ್ಲಿ ಅರೇಬಿಕಾ ಎಷ್ಟು, ಲಂಡನ್ನಲ್ಲಿ ರೊಬಸ್ಟಾ ಎಷ್ಟು ಅಂತ ಮೊಬೈಲ್ ನೋಡ್ತಾರೆ. ಕನ್ನಡದ ಲೇಖಕರು ನಾವು ಇನ್ನೂ ಪೂಲಲ್ಲೇ ಇದೀವಿ. ಹಾಕ್ತೀವಿ, ಕಾಯ್ತೀವಿ. ಕಂತೂ ಬರಲ್ಲ, 25 ಗೌರವ ಪ್ರತಿ ಬರುತ್ತೆ. ರೇಟು ಕೇಳೋದು ಅಂದ್ರೆ ನಮಗೆ ಮೈಲಿಗೆ.

ಏನು? ಜೋರಾಗಿ ಕೇಳಪ್ಪ. ತೇಜಸ್ವಿ ಯಾವ ಏಜೆಂಟ್ ಹತ್ರ ಹೋಗಿದ್ರು ಅಂತ ಕೇಳ್ತಿದಾನೆ. ಒಳ್ಳೇ ಪ್ರಶ್ನೆ, ಪ್ರತೀ ಸಲ ಒಬ್ಬರು ಕೇಳೇ ಕೇಳ್ತೀರಿ. ಮೂಡಿಗೆರೇಲಿ ಕೂತು ಬರೆದ್ರು, ಓದುಗರು ಅಲ್ಲಿಗೇ ಹುಡುಕ್ಕೊಂಡು ಬಂದ್ರು. ಹಿಂದಿನ ಕಾಲದ ಕಾದಂಬರಿಕಾರ ಗಳಗನಾಥರು ಪುಸ್ತಕ ಹೊತ್ಕೊಂಡು ಊರೂರು ತಿರುಗಿ ಮಾರಿದ್ರು. ಕನ್ನಡದಲ್ಲಿ ಏಜೆಂಟ್ ಅನ್ನೋ ಪದ್ಧತಿ ಬೆಳೀಲೇ ಇಲ್ಲ, ನೇರ ಪ್ರಕಾಶಕರ ಮನೆ ಬಾಗಿಲು. ನಾನು ಹೇಳ್ತಿರೋದು ಇಂಗ್ಲಿಷಿಗೆ, ಹೊರದೇಶಕ್ಕೆ ಹೋಗ್ಬೇಕು ಅನ್ನೋರಿಗೆ. ಅಲ್ಲಿನ ದೊಡ್ಡ ಪ್ರಕಾಶನಗಳಲ್ಲಿ ಹೆಚ್ಚಿನವು ಏಜೆಂಟ್ ಇಲ್ಲದೆ ಬಂದ ಹಸ್ತಪ್ರತಿ ಮುಟ್ಟೋದೇ ಇಲ್ಲ. ಏಜೆಂಟ್ ಪುಸ್ತಕ ಮಾರಿಸಿದ ಮೇಲೆ ನಿಮಗೆ ಬರೋ ದುಡ್ಡಲ್ಲಿ ಸಾಮಾನ್ಯವಾಗಿ ಶೇಕಡ 15, ಹೊರದೇಶದ ಹಕ್ಕಾದ್ರೆ 20 ತಗೋತಾರೆ. ಮಾರಿಸಿದ ಮೇಲೆ, ನೆನಪಿರ್ಲಿ. ಓದೋದಕ್ಕೇ ಮೊದಲು ದುಡ್ಡು ಕೇಳೋನು ಏಜೆಂಟ್ ಅಲ್ಲ, ಎದ್ದು ಬನ್ನಿ. ಕಾದಂಬರಿ ಆದ್ರೆ ಪೂರ್ತಿ ಬರೆದು ಮುಗಿಸಿಯೇ ಹೋಗ್ಬೇಕು, ಕಥೆ ಅಲ್ಲದ ಪುಸ್ತಕ ಆದ್ರೆ ಯೋಜನೆ, ಒಂದೆರಡು ಅಧ್ಯಾಯ ಇದ್ರೂ ನಡೆಯುತ್ತೆ.

ನನ್ನ ಕಥೆ ಅರ್ಧಕ್ಕೆ ಬಿಟ್ಟೆ. ಎರಡನೇ ದಿನ ಊಟದ ಸಾಲಲ್ಲಿ ಅದೇ ಹುಡುಗಿ ಸಿಕ್ಕಿದ್ಲು, ತಟ್ಟೆ ಹಿಡ್ಕೊಂಡೇ ಅತ್ತೆ, ಸೊಸೆ, ಕಣ ಎರಡು ಸಾಲು ಹೇಳ್ದೆ. ಪಲ್ಯ ಹಾಕಿಸ್ಕೊಳ್ತಾ ಇದ್ದವಳು ತಿರುಗಿ "ಮೂವತ್ತು ಪುಟ ಮೇಲ್ ಮಾಡಿ ಮೇಡಂ" ಅಂದ್ಲು. ಊರಿಗೆ ಬಂದೆ, ಕುಯ್ಲು ಶುರುವಾಗಿತ್ತು, ಇನ್ನೊಂಚೂರು ತಿದ್ದೋಣ ಅಂತ ಕೂತೆ, ಆಳುಗಳಿಗೆ ಬಟವಾಡೆ, ಮಳೆ ಬಂದು ಕಣದ ಕಾಫಿ ಒದ್ದೆ, ಐದು ತಿಂಗಳಾಯ್ತು. ಮೇಲ್ ಕಳಿಸ್ದೆ. ಅವರು ಈಗ ಈ ಸಂಸ್ಥೇಲಿಲ್ಲ ಅಂತ ಎರಡೇ ನಿಮಿಷಕ್ಕೆ ಉತ್ತರ ಬಂತು. ಸಂಪಾದಕರು ಕೆಲಸ ಬದಲಾಯಿಸ್ತಾನೇ ಇರ್ತಾರೆ. ಕೇಳಿದ ವಾರದಲ್ಲೇ ಕಳಿಸಿ.

ಚೀಟಿ ಬಂತು. ಐದು ನಿಮಿಷ ಅಂತೆ. ಇನ್ನೂ ನಾಲ್ಕು ಪಾಯಿಂಟ್ ಇತ್ತು, ಒಂದು ಹೇಳ್ತೀನಿ.

ಕಾಂಟ್ರಾಕ್ಟು. 1957ರ ಕಾಪಿರೈಟ್ ಕಾಯ್ದೆ 19ನೇ ಸೆಕ್ಷನ್ ಓದಿ. ಹಕ್ಕು ವರ್ಗಾವಣೆ ಬರಹದಲ್ಲಿರ್ಬೇಕು, ಸಹಿ ಇರ್ಬೇಕು. ಎಷ್ಟು ವರ್ಷಕ್ಕೆ ಅಂತ ಬರೀದೇ ಇದ್ರೆ ಐದು ವರ್ಷ ಅಂತ ಲೆಕ್ಕ, ಎಲ್ಲಿಗೆ ಅಂತ ಬರೀದೇ ಇದ್ರೆ ಭಾರತದ ಮಟ್ಟಿಗೆ ಅಂತ ಲೆಕ್ಕ. ಅನುವಾದ, ಆಡಿಯೋ, ಸಿನಿಮಾ ಬೇರೆಬೇರೆ ಹಕ್ಕು. ಎಲ್ಲಾ ಹಕ್ಕುಗಳನ್ನೂ ಶಾಶ್ವತವಾಗಿ ಅನ್ನೋ ಸಾಲಿದ್ರೆ ಪೆನ್ ಕೆಳಗಿಡಿ. ಫಸಲು ಮಾರೋದೇ ಬೇರೆ, ತೋಟ ಬರ್ಕೊಡೋದೇ ಬೇರೆ. ನಾನು ಮೊದಲನೇ ಪುಸ್ತಕಕ್ಕೆ ಓದ್ದೇ ಸಹಿ ಹಾಕಿದೀನಿ, ಯಾರಿಗೆ ಅಂತ ಕೇಳ್ಬೇಡಿ. ಪುಣ್ಯಕ್ಕೆ ಬಾನು ಮೇಡಂ ವಕೀಲರು ಬೇರೆ.

ಆಯ್ತಾಯ್ತು, ಮುಗಿಸ್ತೀನಿ, ಕಡುಬು ಆರಿಹೋಗುತ್ತೆ ಅಂತ ಸನ್ನೆ ಮಾಡ್ತಿದಾರೆ. ಊಟದ ಹೊತ್ತಲ್ಲಿ ನಾನು ಅಲ್ಲೇ ಹಿಂದೆ ಕೂತಿರ್ತೀನಿ, ಬ್ಯಾಗ್ ತಂದಿರೋರು ಬನ್ನಿ. ಆದ್ರೆ ಬ್ಯಾಗ್ ಬಿಚ್ಬೇಡಿ, ಕನ್ನಡಕ ಮನೇಲಿ ಮರೆತು ಬಂದಿದೀನಿ. ಬಾಯಲ್ಲೇ ಹೇಳಿ.